ಮೂವರು ಅಣ್ಣತಮ್ಮಂದಿರ ಆರು ಫ್ಲಾಪಿ

ಜಹೀರಾಬಾದಿನ ಶಂಕ್ರೆಪ್ಪನಿಗೆ ಸಿಟ್ಟು ಬಂದದ್ದು ಬೆಳಿಗ್ಗೆ ಹತ್ತು ಗಂಟೆಗೆ. ಹಾಗೆಂದ ಮಾತ್ರಕ್ಕೆ ಒಂಬತ್ತು ಗಂಟೆಗೆ ಅವನು ಶಾಂತವಾಗಿದ್ದ ಎಂದು ಯಾರೂ ತಿಳಿಯಬಾರದು. ಒಂಬತ್ತಕ್ಕೆ ಇದ್ದದ್ದು ಹಿಂದಿನ ದಿನದ ಸಿಟ್ಟು. ಹತ್ತಕ್ಕೆ ಬಂದದ್ದು ಹೊಸದು.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಅವನ ಪ್ರೆಸ್ಸಿನ ಕಂಪ್ಯೂಟರು ಎಂಟು ದಿನದಿಂದ ದಮ್ಮಿನ ರೋಗಿಯ ಹಾಗೆ ನಿಂತು ನಿಂತು ನಡೆಯುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಕಲಿಸುವ ಅಮರ್ ಬಂದ, ಮೂರು ತಾಸು ಅದರ ಮುಂದೆ ಕೂತ, ಎರಡು ಸಲ ಚಹಾ ಕುಡಿದ, ಕೈ ಒರೆಸಿಕೊಂಡು ಎದ್ದ.

"ವೈರಸ್ ಇತ್ರಿ ಕಾಕಾ. ಪೂರಾ ಸಾಫ್ ಮಾಡೀನಿ. ಈಗ ಹೊಸಾ ಮಷೀನ್ ಆದಂಗ ಆಗ್ಯದ."

"ಕನ್ನಡ ಅಕ್ಷರ ಎಲ್ಲಿ ಅವ ಇದರಾಗ?"

"ಅವೂ ಸಾಫ್ ಆಗ್ಯಾವರಿ."

"ತಲ್ಯಾಗಿನ ಹೇನು ತೆಗಿ ಅಂದ್ರ ತಲೀನೇ ತೆಗದಿ ಏನಲೇ?"

"ಸಿಟ್ಟ್ಯಾಕ್ರಿ. ಆ ಸಾಫ್ಟ್‌ವೇರಿನ ಫ್ಲಾಪಿ ನಿಮ್ಮ ಬಲ್ಲಿ ಇರ್ತಾವಲ್ಲ, ಆರು. ಒಂದರ ಹಿಂದ ಒಂದು ಹಾಕ್ತಾ ಹೋಗ್ರಿ. ಹತ್ತು ಮಿಂಟಿನ ಕೆಲಸ."

ಆರು ಎಂಬ ಮಾತು ಕೇಳಿದ್ದೇ ಶಂಕ್ರೆಪ್ಪನ ಬಾಯಿ ಮುಚ್ಚಿತು. ಪಡಸಾಲೆಯಲ್ಲೇ ಪ್ರೆಸ್ಸು ಇದ್ದ ಆ ಮನೆಯಲ್ಲಿ ಹಗಲು ಹೊತ್ತು ಅವನ ದನಿ ನಿಂತದ್ದೇ ಇಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಉಮಾಬಾಯಿ, ಗಂಡನಿಗೆ ಏನೋ ಆಗಿದೆ ಎಂದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಆಗಿದ್ದು ಇಷ್ಟೇ. ಅವನ ಹತ್ತಿರ ಇದ್ದದ್ದು ಎರಡೇ ಫ್ಲಾಪಿ. ಒಂದನೆಯದು, ನಾಲ್ಕನೆಯದು.

ಅದಕ್ಕೆ ಕಾರಣ ಮನೆ ಪಾಲಾದ ರೀತಿ. ಶಂಕ್ರೆಪ್ಪನ ಅಪ್ಪ ಗುರುಪಾದಪ್ಪ ನಲವತ್ತು ವರ್ಷ ಸುತ್ತಲಿನ ಊರುಗಳಿಗೆ ಕನ್ನಡದಲ್ಲಿ ಲಗ್ನಪತ್ರಿಕೆ ಛಾಪಿಸಿ ಕೊಟ್ಟವನು. ಕೊನೆಗಾಲಕ್ಕೆ ಮೊಳೆ ಅಕ್ಷರ ಬಿಟ್ಟು ಒಂದು ಕಂಪ್ಯೂಟರು ತಂದ, ಅದಕ್ಕೆ ಕನ್ನಡ ಕಲಿಸುವ ಆರು ಫ್ಲಾಪಿಗಳನ್ನೂ ತಂದ, ವರ್ಷ ತುಂಬುವುದರೊಳಗೆ ತೀರಿಕೊಂಡ. ಮೂವರು ಮಕ್ಕಳ ನಡುವೆ ಪಾಲು ಮಾಡಲು ಕೂತವರು ವೀರಭದ್ರಪ್ಪ, ರಿಟೈರ್ ಆದ ಗಿರ್ದಾವರರು. ಹೊಲ ಅಳೆಯುವ ನೌಕರಿಯಲ್ಲಿ ತಾನು ಒಬ್ಬನಿಗೂ ಒಂದು ಗೇಣು ಹೆಚ್ಚು ಕೊಟ್ಟವನಲ್ಲ ಎಂದು ಅವರು ಹೇಳುತ್ತಿದ್ದರು. ಬೇರೆ ಯಾರೂ ಹೇಳುತ್ತಿರಲಿಲ್ಲ.

ಪ್ರೆಸ್ಸು, ಕಂಪ್ಯೂಟರು ಹಿರಿಯ ಶಂಕ್ರೆಪ್ಪನಿಗೆ ಬಂದವು. ನಾರಾಯಣಖೇಡದ ಕಾಳಿನ ಅಂಗಡಿ ನಡುವಿನ ಕಾಶಿನಾಥನಿಗೆ. ತಾಂಡೂರಿನ ಜಾಗ ಕಿರಿಯ ಲಿಂಗರಾಜನಿಗೆ. ಆಮೇಲೆ ಅಪ್ಪನ ಟ್ರಂಕು ತೆರೆದರು. ಮೂರು ಧೋತರ, ಮೂವರಿಗೆ. ಮೂರು ತಂಬಿಗೆ, ಮೂವರಿಗೆ. ತಳದಲ್ಲಿ ಕರೀ ಚೌಕ ಬಿಲ್ಲೆಗಳು ಸಿಕ್ಕವು. ಎಷ್ಟು ಎಂದು ಗಿರ್ದಾವರರು ಕೇಳಿದರು. ಆರು ಎಂದರು. "ಮೂವರಿಗಿ ಆರು. ದೇವರೇ ಲೆಕ್ಕಾ ಮಾಡಿ ಇಟ್ಟಾನ" ಎಂದು ಅವರು ಇಸ್ಪೀಟು ಹಂಚಿದ ಹಾಗೆ ಒಂದೊಂದೇ ಹಾಕಿದರು. ಹಿರಿಯನಿಗೆ ಒಂದು, ನಾಲ್ಕು. ನಡುವಿನವನಿಗೆ ಎರಡು, ಐದು. ಕಿರಿಯನಿಗೆ ಮೂರು, ಆರು. ಜೊತೆಗಿದ್ದ ಕೈಪಿಡಿ ಒಂದೇ ಇದ್ದದ್ದರಿಂದ ಅದು ಹಿರಿತನದ ಮರ್ಯಾದೆಗೆ ಶಂಕ್ರೆಪ್ಪನಿಗೆ ಹೋಯಿತು. ಕಂಪ್ಯೂಟರು ಆಗ ಚೆನ್ನಾಗಿಯೇ ನಡೆಯುತ್ತಿತ್ತು. ಈ ಬಿಲ್ಲೆಗಳಿಗೂ ಅದಕ್ಕೂ ಏನು ಸಂಬಂಧ ಎಂದು ಒಬ್ಬನೂ ಕೇಳಲಿಲ್ಲ.

ಕೇಳಿ ತಂದರಾಯಿತು ಎನ್ನಲು ತಮ್ಮಂದಿರ ಜೊತೆ ಮಾತಿರಲಿಲ್ಲ. ಮೂರು ವರ್ಷದ ಹಿಂದೆ ಶಂಕ್ರೆಪ್ಪ ಹೊಸ ಮನೆ ಕಟ್ಟಿ, ಮನೆ ತುಂಬುವ ಪತ್ರಿಕೆಯನ್ನು ಎರಡು ಬಣ್ಣದಲ್ಲಿ ತಾನೇ ಛಾಪಿಸಿ, ಕಾಶಿನಾಥನದನ್ನು ನಾರಾಯಣಖೇಡದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ. ಅವರ ಮಂದಿಯಲ್ಲಿ ಕಾಗದವನ್ನು ಕರೆ ಎನ್ನುವುದಿಲ್ಲ. ಬಾಗಿಲಿಗೆ ಹೋಗಬೇಕು, ಕುಂಕುಮ ಹಚ್ಚಬೇಕು, ಬಾಯಿಬಿಟ್ಟು ಬರಬೇಕು ಎನ್ನಬೇಕು. ಶಂಕ್ರೆಪ್ಪ ಪ್ರೆಸ್ಸಿನವನು, ಅಷ್ಟು ಅಂದದ ಅಕ್ಷರ ಇದ್ದ ಮೇಲೆ ಬಾಯಿ ಯಾಕೆ ಬೇಕು ಎಂದು ನಂಬಿದವನು. ಕಾಶಿನಾಥ ಅದೇ ಕಂಡಕ್ಟರ್ ಕೈಯಲ್ಲಿ ಅದೇ ಪತ್ರಿಕೆಯನ್ನು, 'ವಿಳಾಸದಾರರು ಸಿಗಲಿಲ್ಲ' ಎಂದು ಬರೆದು ಹಿಂದಕ್ಕೆ ಕಳಿಸಿದ. ಕಾಶಿನಾಥ ಬರಲಿಲ್ಲ ಎಂದು ಲಿಂಗರಾಜನೂ ಬರಲಿಲ್ಲ. ಅವತ್ತಿನಿಂದ ಮೂರು ಮನೆ, ಮೂರು ಊರು, ಮೂರು ಬೀಗ.

ಇಷ್ಟಾದರೂ ನಡೆದುಹೋಗುತ್ತಿತ್ತು. ಶಂಕ್ರೆಪ್ಪ ಬಾಯಿ ಬಡಾಯಿ ಮಾಡದಿದ್ದರೆ. ಹಿಂದಿನ ತಿಂಗಳು ಮಗಳು ಪ್ರೇಮಲಾಳ ಲಗ್ನ ಗೊತ್ತು ಮಾಡಲು ಹುಮನಾಬಾದಿನ ಬೀಗರು ಬಂದಾಗ ಹುಡುಗನ ಅಪ್ಪ ಕೇಳಿದ್ದ:

"ಅಣ್ಣತಮ್ಮಂದಿರು ಎಷ್ಟ್ ಮಂದಿ ನೀವು?"

"ಮೂವರು. ಮೂರು ದೇಹ, ಒಂದೇ ಜೀವ."

"ಯಾರೂ ಕಾಣವಲ್ರಲ್ಲ?"

"ಜೀವ ಇಲ್ಲೇ ಅದರಿ. ದೇಹ ಕೆಲಸದ ಮ್ಯಾಲ ಹೋಗ್ಯಾವ. ಲಗ್ನದಾಗ ಇಬ್ಬರೂ ಮುಂದ ನಿಂದರ್ತಾರ. ನಮ್ಮದೇ ಪ್ರೆಸ್ಸಿನಾಗ, ಕನ್ನಡದಾಗ, ಮೂವರ ಹೆಸರು ಹಾಕಿ ಲಗ್ನಪತ್ರಿಕಿ ಛಾಪಿಸಿ ಬರೋ ಸೋಮವಾರದಿಂದ ಮೂರು ವಾರಕ್ಕ ನಾನೇ ಕೈಯಾರೆ ತಂದು ಕೊಡ್ತೀನಿ."

ಆ ಸೋಮವಾರ ಈಗ ಆರು ದಿನ ದೂರದಲ್ಲಿತ್ತು. ತಮ್ಮಂದಿರಿಗೆ ಲಗ್ನದ ಸುದ್ದಿಯೇ ಇರಲಿಲ್ಲ. ಪ್ರೇಮಲಾ ಮಾತ್ರ ತನ್ನ ಕಡೆಯಿಂದ ಒಂದೇ ಮಾತು ಹೇಳಿಟ್ಟಿದ್ದಳು. ಕಾಕಾಗಳು ಇಬ್ಬರೂ ಬರದೆ ತಾನು ಹಸೆಗೆ ಕೂಡುವುದಿಲ್ಲ.

"ಬೀದರದಾಗ ಛಾಪಿಸ್ರಿ ಕಾಕಾ" ಎಂದ ಅಮರ್. "ಒಂದ್ ತಾಸಿನ ದಾರಿ. ಸಂಜಿಗಿ ಪತ್ರಿಕಿ ಕೈಯಾಗ."

"ನಮ್ಮಪ್ಪ ಇಡೀ ತಾಲೂಕಿನ ಲಗ್ನ ಛಾಪಿಸ್ಯಾನ. ಅವನ ಮೊಮ್ಮಗಳ ಪತ್ರಿಕಿ ಬೀದರದವರ ಕೈಲೆ ಛಾಪಿಸಲಿ? ನಡಿ ಹೊರಗ."

ಅಮರ್ ಹೊರಗೆ ನಡೆದ. ಶಂಕ್ರೆಪ್ಪ ಕೈಪಿಡಿ ತೆಗೆದು ಮಗಳ ಕೈಗೆ ಕೊಟ್ಟ. ತಾನು ಮಷೀನಿನ ಮುಂದೆ ಕೂತ. ಕೈಪಿಡಿಯ ಮೇಲೆ 'ಹೊಸಬರಿಗಾಗಿ' ಎಂದು ದೊಡ್ಡದಾಗಿ ಬರೆದಿತ್ತು. ಅದು ನೋಡಿಯೇ ಅವನಿಗೆ ಅರ್ಧ ಸಿಟ್ಟು ಬಂತು.

"'ಗಣಕಯಂತ್ರದ ಮುಂದೆ ನೆಮ್ಮದಿಯಿಂದ ಕುಳಿತುಕೊಳ್ಳಿ'" ಎಂದು ಪ್ರೇಮಲಾ ಓದಿದಳು.

"ಅದು ಆಗಂಗಿಲ್ಲ. ಮುಂದ ಓದು."

"'ಮೊದಲನೆಯ ಬಿಲ್ಲೆಯನ್ನು ಸೀಳಿನೊಳಗೆ ಮೃದುವಾಗಿ ಸೇರಿಸಿ.'"

ಶಂಕ್ರೆಪ್ಪ ಸೇರಿಸಿದ. ಹೋಗಲಿಲ್ಲ. ಅಂಗೈಯಿಂದ ಒತ್ತಿದ. ಹೋಗಲಿಲ್ಲ. ಎದ್ದು ನಿಂತು ಒತ್ತಿದ.

"'ಬಲಪ್ರಯೋಗ ಮಾಡಬೇಡಿ. ಬಿಲ್ಲೆ ತಲೆಕೆಳಗಾಗಿರಬಹುದು'" ಎಂದು ಅವಳು ಓದುವಷ್ಟರಲ್ಲಿ ಬಿಲ್ಲೆಯ ಮೂಲೆ ಸ್ವಲ್ಪ ಜಜ್ಜಿಹೋಗಿತ್ತು.

"ಇದನ್ನ ಮೊದಲ ಓದಬೇಕಿಲ್ಲೇನು?"

"ಮುಂದಿನ ಸಾಲಿನಾಗ ಅದ ಅಪ್ಪಾ. ಅವರು ಅಲ್ಲೇ ಬರದಾರ."

ಬಿಲ್ಲೆ ತಿರುಗಿಸಿ ಹಾಕಿದ. ಮಷೀನು ಹಿಟ್ಟಿನ ಗಿರಣಿಯಂತೆ ಗರಗರ ಅಂದಿತು. ಐದು ನಿಮಿಷಕ್ಕೆ ಎರಡನೆಯದು ಕೇಳಿತು. ಶಂಕ್ರೆಪ್ಪ ನಾಲ್ಕನೆಯದು ಕೊಟ್ಟ. ಅದು ಮತ್ತೆ ಎರಡನೆಯದೇ ಕೇಳಿತು.

"ನಾಲ್ಕು ಕೊಟ್ರೂ ಎರಡು ಬೇಕಂತದ. ಹೆಚ್ಚು ಕೊಟ್ರ ಒಲ್ಲೆ ಅನ್ನೋ ಮಷೀನು ಇದೊಂದೇ ನೋಡು" ಎಂದು ಅವನು ಟೊಪ್ಪಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ.

ನಾರಾಯಣಖೇಡದಲ್ಲಿ ಕಾಶಿನಾಥ ಅಂಗಡಿಯ ಗಾದಿಯ ಮೇಲೆ ಕೂತು ತೊಗರಿ ತೂಗಿಸುತ್ತಿದ್ದ. ಮುಂದೆ ಮನೂರಿನ ರೈತ ರಾಮುಲು ಎರಡು ಚೀಲ ಇಳಿಸಿ ನಿಂತಿದ್ದ. ಶಂಕ್ರೆಪ್ಪ ಮೆಟ್ಟಿಲು ಹತ್ತಲಿಲ್ಲ. ಬಾಗಿಲ ಹೊರಗೇ ನಿಂತು ಕೆಮ್ಮಿದ. ಕಾಶಿನಾಥ ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ.

"ರಾಮುಲು, ಬಾಗಲಾಗ ನಿಂತವರಿಗಿ ಕೇಳು, ತೊಗರಿ ತಂದಾರೋ ಹೆಸರು ತಂದಾರೋ."

"ನಿಮ್ಮ ಅಣ್ಣ ಬಂದಾರರಿ ಸಾವ್ಕಾರ."

"ನನಗೂ ಕಣ್ಣ ಅವ. ಕೇಳು ಅಂದ್ರ ಕೇಳು."

"ರಾಮುಲು" ಎಂದ ಶಂಕ್ರೆಪ್ಪ ಹೊರಗಿನಿಂದ, "ಅವನಿಗಿ ಹೇಳು. ಅಪ್ಪನ ಎರಡನೇ ನಂಬರಿನ ಫ್ಲಾಪಿ ಒಂದ್ ದಿನಕ್ಕ ಬೇಕು. ಮಗಳ ಲಗ್ನಪತ್ರಿಕಿ ಛಾಪಿಸಬೇಕು."

ರಾಮುಲು ಬಂದದ್ದು ತೊಗರಿ ಮಾರಲು. ಆದರೂ ಪಾಪ, ಹೇಳಿದ. "ಮಗಳ ಲಗ್ನ ಅದಂತರಿ ಸಾವ್ಕಾರ."

ಕಾಶಿನಾಥನ ಕೈ ತಕ್ಕಡಿಯ ಮೇಲೆ ನಿಂತಿತು. "ಪ್ರೇಮಲಾಂದೇನು? ಯಾವಾಗ ಗೊತ್ತಾತು?"

"ಹೋದ ತಿಂಗಳು" ಎಂದ ಶಂಕ್ರೆಪ್ಪ, ಬಾಗಿಲ ಚೌಕಟ್ಟಿಗೆ.

"ಹೋದ ತಿಂಗಳು. ರಾಮುಲು, ನಿಮ್ಮ ಅಣ್ಣನ ಮಗಳ ಲಗ್ನ ಗೊತ್ತಾದ್ರ ನಿನಗ ಎಷ್ಟ್ ದಿನಕ್ಕ ಸುದ್ದಿ ಬರ್ತದ?"

"ನನಗ ಕೇಳೇ ಗೊತ್ತು ಮಾಡ್ತಾರರಿ" ಎಂದು ಬಿಟ್ಟ ರಾಮುಲು, ಬಾಗಿಲಿನಲ್ಲಿ ನಿಂತವನ ಮುಖ ನೋಡಿ, "ಒಮ್ಮೊಮ್ಮೆ ಕೇಳಂಗಿಲ್ಲರಿ" ಎಂದು ಸೇರಿಸಿದ.

ಕಾಶಿನಾಥ ಗಾದಿಯ ಕೆಳಗಿನ ಪೆಟ್ಟಿಗೆಯಿಂದ ಎರಡೂ ಫ್ಲಾಪಿ ತೆಗೆದ. ಕೈಯಲ್ಲಿ ಹಿಡಿದು ತೂಗಿ ನೋಡಿದ. "ಇದರಾಗ ಇದ್ದದ್ದು ಎಲ್ಲಿಗಿ ಹೋಗ್ತದಂತ ಕೇಳು."

"ಮಷೀನಿನಾಗ ಹೋಗ್ತದ" ಎಂದ ಶಂಕ್ರೆಪ್ಪ.

"ಹಂಗಾದ್ರ ಇದರಾಗ ಏನು ಉಳೀತದ?"

ಇದು ಶಂಕ್ರೆಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯವನ್ನು ಅವನು ಯಾವತ್ತೂ ದೊಡ್ಡ ದನಿಯಲ್ಲೇ ಹೇಳುತ್ತಿದ್ದ. "ಇದ್ದಷ್ಟೇ ಉಳೀತದ."

"ಕೇಳಿದಿ ಏನು ರಾಮುಲು? ಚೀಲ ಸುರುವಿದ ಮ್ಯಾಲನೂ ಚೀಲದಾಗ ಅಷ್ಟೇ ತೊಗರಿ ಇರ್ತದಂತ."

"ಅಂಥಾ ಚೀಲ ಸಿಕ್ರ ನನಗೊಂದು ಕೊಡಸ್ರಿ ಸಾವ್ಕಾರ."

"ನನ್ನ ಪಾಲು ನನ್ನ ಕೈ ಬಿಟ್ಟು ಹೋಗಂಗಿಲ್ಲ" ಎಂದ ಕಾಶಿನಾಥ, ಈಗ ನೇರ ರಾಮುಲುವಿನ ತಲೆಯ ಮೇಲಿನಿಂದ. "ಶನಿವಾರ ನಾನೇ ತರ್ತೀನಿ, ನನ್ನ ಕೈಲೇ ಹಾಕ್ತೀನಿ. ಹಾಕೋ ಮೊದಲ ಒಂದ್ ತೂಕ, ಹಾಕಿದ ಮ್ಯಾಲ ಒಂದ್ ತೂಕ. ಪಾಲು ಮಾಡಿದ ಗಿರ್ದಾವರ ಮಾವ ನಡುವ ಕೂಡಬೇಕು. ಮತ್ತ ಇದೂ ಹೇಳು. ನಾ ಬರೂದು ಫ್ಲಾಪಿ ಸಂಗಟ, ಲಗ್ನಕ್ಕಲ್ಲ. ಕರೀದವರ ಮನ್ಯಾಗ ನಾ ನೀರು ಮುಟ್ಟಂಗಿಲ್ಲ."

ಈಗ ಬಾ ಎಂದರೆ ಮುಗಿಯುತ್ತಿತ್ತು. ಶಂಕ್ರೆಪ್ಪ, "ಪತ್ರಿಕಿ ಛಾಪಿಸಿದ ಮ್ಯಾಲ ಕಳಸ್ತೀನಂತ ಹೇಳು" ಎಂದು ಹೇಳಿ ತಿರುಗಿ ನಡೆದ. ರಾಮುಲು ಅದನ್ನು ಹೇಳಲಿಲ್ಲ. ಅವನಿಗೆ ಅಷ್ಟು ಬುದ್ಧಿ ಇತ್ತು.

ತಾಂಡೂರಿನಲ್ಲಿ ಲಿಂಗರಾಜ ನೆಲಹಾಸು ಕಲ್ಲು ಪಾಲಿಶ್ ಮಾಡುವ ಮಷೀನು ಇಟ್ಟಿದ್ದ. ಏಳೆಂಟು ವರ್ಷ ಅದರ ಸದ್ದಿನೊಳಗೇ ಇದ್ದು ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಮಷೀನು ಬಂದಾದರೂ ಅವನು ಕೂಗುತ್ತಿದ್ದ. ಅಣ್ಣನನ್ನು ಕಂಡು, ಓಣಿಯ ಆ ತುದಿಯವರೂ ತಿರುಗಿ ನೋಡುವ ಹಾಗೆ, "ಯಾಕ ಬಂದಿ" ಎಂದ.

ವಿಷಯ ಕೇಳಿದ ಮೇಲೆ ಅವನ ಹೆಂಡತಿ ಶಾಂತಾಬಾಯಿ, "ಒಳಗ ಬರ್ರಿ ಭಾವಾ" ಎಂದು ದೇವರ ಜಗುಲಿಯ ಮುಂದೆ ಕರೆದುಕೊಂಡು ಹೋದಳು. ಅಲ್ಲಿ ಗುರುಪಾದಪ್ಪನ ಫೋಟೋದ ಕೆಳಗೆ ಎರಡು ಫ್ಲಾಪಿ. ಮೂರನೆಯದು, ಆರನೆಯದು. ಎರಡಕ್ಕೂ ದಿನಾ ಹಚ್ಚಿದ ವಿಭೂತಿ ಪದರು ಪದರಾಗಿ ಗಟ್ಟಿಯಾಗಿ, ಬಿಲ್ಲೆಯ ಬಣ್ಣ ಕರಿಯೋ ಬಿಳಿಯೋ ತಿಳಿಯುತ್ತಿರಲಿಲ್ಲ.

"ಅಪ್ಪ ಕೈಯಾರೆ ತಂದದ್ದು" ಎಂದು ಲಿಂಗರಾಜ ಕೂಗಿದ. "ಧೋತರ ಹರೀತು. ತಂಬಿಗಿ ಸೀಳ್ತು. ಉಳದದ್ದು ಇದೇ."

ಬೈಯಲು ಬಾಯಿ ತೆರೆದಿದ್ದ ಶಂಕ್ರೆಪ್ಪ ಕೈ ಮುಗಿದ. ಮುಗಿದ ಮೇಲೆ ತಾನು ಫ್ಲಾಪಿಗೆ ಕೈ ಮುಗಿದೆ ಎಂದು ಹೊಳೆದು ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಕೊಡ್ತಿಯೋ ಇಲ್ಲೋ?"

"ಕಾಶಿಅಣ್ಣ ಏನಂದ?"

"ತಾನೇ ತಂದು ಹಾಕ್ತಾನಂತ. ತೂಕ ಮಾಡಸ್ತಾನಂತ."

"ಹಂಗಾದ್ರ ನಾನೂ ತಂದು ಹಾಕ್ತೀನಿ. ನಂದೂ ತೂಕ ಮಾಡಸು."

"ನಿನಗ ಸ್ವಂತದ್ದು ಅಂತ ಏನೂ ಇಲ್ಲೇನು?"

ಲಿಂಗರಾಜ ಸ್ವಲ್ಪ ಹೊತ್ತು ಯೋಚಿಸಿದ. "ಅದ. ಪತ್ರಿಕ್ಯಾಗ ನನ್ನ ಹೆಸರು ದಪ್ಪ ಅಕ್ಷರದಾಗ ಬರಬೇಕು."

ಶನಿವಾರ ಮಧ್ಯಾಹ್ನ ಶಂಕ್ರೆಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಮಂದಿಯನ್ನು ಯಾರೂ ಕರೆದಿರಲಿಲ್ಲ. ಜಗಳಕ್ಕೆ ಬರಲು ಅವರಿಗೆ ಕುಂಕುಮವೂ ಬೇಕಿಲ್ಲ, ಪತ್ರಿಕೆಯೂ ಬೇಕಿಲ್ಲ. ನಡುವಿನ ಕುರ್ಚಿಯಲ್ಲಿ ವೀರಭದ್ರಪ್ಪ ರುಮಾಲು ಸುತ್ತಿಕೊಂಡು ಕೂತಿದ್ದರು. ಎದುರುಮನೆಯ ಪತ್ತಾರ ಬಂಗಾರ ತೂಗುವ ತಕ್ಕಡಿ ತಂದಿಟ್ಟಿದ್ದ. ಕಾಶಿನಾಥ ಹೊಸ್ತಿಲು ದಾಟಿ ಒಳಗೇನೋ ಬಂದ, ಆದರೆ ಉಮಾಬಾಯಿ ತಂದ ಚಹಾವನ್ನು ಮುಟ್ಟಲಿಲ್ಲ. ಅವನು ಮುಟ್ಟಲಿಲ್ಲ ಎಂದು ಲಿಂಗರಾಜನೂ ಮುಟ್ಟಲಿಲ್ಲ, ಆದರೆ ಕಪ್ಪಿನ ಕಡೆ ನೋಡುತ್ತಿದ್ದ.

"ಯಾರಿಗೂ ಅನ್ಯಾಯ ಆಗಂಗಿಲ್ಲ" ಎಂದರು ವೀರಭದ್ರಪ್ಪ. "ತೂಗು."

ಪತ್ತಾರ ತೂಗಿದ. ಒಂದನೆಯದು ಹದಿನೆಂಟು ಗ್ರಾಂ. ಎರಡನೆಯದು ಹದಿನೆಂಟು. ನಾಲ್ಕು, ಐದು, ಅಷ್ಟೇ. ಲಿಂಗರಾಜ ರೇಷ್ಮೆ ವಸ್ತ್ರದಿಂದ ತನ್ನವೆರಡನ್ನು ತೆಗೆದು ಕಣ್ಣಿಗೆ ಒತ್ತಿಕೊಂಡು ಇಟ್ಟ. ಮೂರನೆಯದು ಇಪ್ಪತ್ತು. ಆರನೆಯದು ಇಪ್ಪತ್ತು.

ಪಡಸಾಲೆಯಲ್ಲಿ ಗುಸುಗುಸು ಎದ್ದಿತು.

"ನಾ ಅವತ್ತೇ ಅಂದಿದ್ದೆ" ಎಂದ ಕಾಶಿನಾಥ. "ಸಣ್ಣಾಂವನ ಕಡಿ ಮಾವನ ಒಲವು ಅಂತ. ಆರಿಸಿ ಆರಿಸಿ ತೂಕದವು ಕೊಟ್ಟಾರ."

"ನಾ ಕಣ್ಣ ಮುಚ್ಚಿ ಹಂಚೀನಿ."

"ಹಂಗ ಹೊಲಾನೂ ಕಣ್ಣ ಮುಚ್ಚೇ ಅಳದಿರಬೇಕು" ಎಂದು ಹಿಂದಿನಿಂದ ಯಾರೋ ಅಂದರು. ಗಿರ್ದಾವರರು ಯಾರೆಂದು ಎದ್ದು ನೋಡುವಷ್ಟರಲ್ಲಿ ಅಲ್ಲಿ ಎಲ್ಲರೂ ಮಾಳಿಗೆ ನೋಡುತ್ತಿದ್ದರು.

"ಕಾಕಾ, ಅದು ವಿಭೂತಿ ತೂಕ" ಎಂದಳು ಪ್ರೇಮಲಾ. ನಾಲ್ಕು ಮಂದಿ ಗಂಡಸರು ತಕ್ಕಡಿ ಇಟ್ಟುಕೊಂಡು ಕೂತಲ್ಲಿ ಹೆಣ್ಣುಮಗಳ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬೀಳಲಿಲ್ಲ.

ಕೆಲಸ ಶುರುವಾಯಿತು. ಶಂಕ್ರೆಪ್ಪ ಒಂದನೆಯದು ಹಾಕಿ, ಹಿರಿಯನಂತೆ ಹಿಂದೆ ಸರಿದು ನಿಂತ. ಕಾಶಿನಾಥ ಬಂದು ಎರಡನೆಯದು ಹಾಕಿದ, ಅದು ಹೊರಗೆ ಬರುವವರೆಗೂ ಸೀಳಿನ ಮುಂದೆ ಅಂಗೈ ಹಿಡಿದೇ ಇದ್ದ. ಲಿಂಗರಾಜ ಮೂರನೆಯದು ಹಾಕಿದಾಗ ಮಷೀನು ಕೀರಲು ದನಿ ತೆಗೆದು ಬೇಡವೆಂದು ಉಗುಳಿತು. ಪ್ರೇಮಲಾ ಅದನ್ನು ಕಸಿದುಕೊಂಡು ಒದ್ದೆ ಮಾಡದೆ ವಸ್ತ್ರದಿಂದ ಗಸಗಸ ಒರೆಸಿದಳು. ಆರನೆಯದನ್ನೂ ಒರೆಸಿದಳು. ಲಿಂಗರಾಜ ಕಣ್ಣು ಮುಚ್ಚಿ ಅಪ್ಪನ ಕ್ಷಮೆ ಕೇಳಿದ, ಅದು ಹೆದ್ದಾರಿಯವರೆಗೂ ಕೇಳಿಸಿತು. ಆಮೇಲೆ ತಂಟೆಯಿಲ್ಲದೆ ನಡೆಯಿತು. ಅಣ್ಣ, ತಮ್ಮ, ಕಿರಿಯ, ಅಣ್ಣ, ತಮ್ಮ, ಕಿರಿಯ. ಮೂರು ವರ್ಷದಲ್ಲಿ ಮೂವರೂ ಒಂದು ಕೆಲಸವನ್ನು ಸರತಿಯಂತೆ ಮಾಡಿದ್ದು ಅದೇ ಮೊದಲು.

ಆರೂ ಮುಗಿದವು. ಪ್ರೇಮಲಾ ಕೀಲಿಗಳನ್ನು ಒತ್ತಿದಳು. ಪ್ರಿಂಟರು ಹಲ್ಲು ಕಡಿಯುತ್ತ ಒಂದು ಹಾಳೆ ಹೊರಗೆ ದಬ್ಬಿತು. 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ಅಚ್ಚ ಕನ್ನಡದಲ್ಲಿತ್ತು. ಶಂಕ್ರೆಪ್ಪ ಆ 'ಶ್ರೀ'ಯನ್ನು ಎಲ್ಲರಿಗೂ ತೋರಿಸುತ್ತ ಒಂದು ಸುತ್ತು ಬಂದ.

"ತೂಗು" ಎಂದ ಕಾಶಿನಾಥ.

ಪತ್ತಾರ ಮತ್ತೆ ತೂಗಿದ. ಆರೂ ಹದಿನೆಂಟು.

ಲಿಂಗರಾಜ ಎರಡೂ ಕೈ ಮೇಲೆತ್ತಿದ.

"ನಂದು ಹೋಗ್ಯದ. ಎರಡೆರಡು ಗ್ರಾಂ. ನೀವಿಬ್ಬರೂ ಸುಮ್ಮನೇ ಹಾಕೀರಿ, ಸುಮ್ಮನೇ ತೆಗದೀರಿ. ಒಳಗ ಹೋದದ್ದು ನಂದೊಂದೇ. ಈ ಕನ್ನಡ ಪೂರಾ ನಂದು."

"ತೂಕ ಸುಳ್ಳು ಹೇಳಂಗಿಲ್ಲ" ಎಂದು ವೀರಭದ್ರಪ್ಪ ತೀರ್ಪು ಕೊಟ್ಟರು. "ಹೆಚ್ಚಿಗಿ ಇದ್ದದ್ದು ಹೋತು. ಈಗ ಎಲ್ಲಾ ಸಮ ಆತು. ನನ್ನ ಪಾಲು ಸರಿ ಇತ್ತು ಅಂತಾನೂ ಸಾಬೀತ ಆತು."

ಕಾಶಿನಾಥ ತನ್ನ ಎರಡು ಫ್ಲಾಪಿಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ಅವನು ಕೂಗಲಿಲ್ಲ. ಆ ಮನೆತನದಲ್ಲಿ ಕೂಗದೆ ಮಾತಾಡಿದರೆ ಕೇಳುವವರಿಗೆ ಭಯವಾಗುತ್ತಿತ್ತು.

"ಅಂದ್ರ ನಂದು ಒಳಗ ಹೋಗೇ ಇಲ್ಲ. ನನ್ನ ಕರೀದೇ ಮನಿ ತುಂಬಿದ್ರಿ. ನನ್ನ ಪಾಲು ಇಲ್ದೇ ಮಷೀನೂ ನಡೀತದ. ಲಗ್ನ ಯಾಕ ನಿಂತೀತು? ಪತ್ರಿಕ್ಯಾಗ ನನ್ನ ಹೆಸರು ಹಾಕಬ್ಯಾಡ್ರಿ. ನಾ ಬರಂಗಿಲ್ಲ."

ಮಂದಿ ದಾರಿ ಬಿಟ್ಟರು. ಅವನು ಹೊರಗೆ ಕಟ್ಟೆಯ ಮೇಲೆ ಹೋಗಿ ಚಪ್ಪಲಿ ಮೆಟ್ಟಿದ.

ಉಮಾಬಾಯಿ ಗಂಡನ ತೋಳು ಹಿಡಿದಳು. "ಕರೀರಿ."

"ಏನಂತ ಕರೀಲಿ?"

"ಬಾ ಅಂತ."

"ಬಂದೇ ಇದ್ದನಲ್ಲ."

"ಈಗ ಹೊಂಟಾನ. ಇವತ್ತ ಹೋದ್ರ ಮುಗೀತು, ಅವ ಮತ್ತ ಬರಂಗಿಲ್ಲ. ನಿಮ್ಮ ಮಗಳು ಹಸೀಗಿ ಕೂಡಂಗಿಲ್ಲ. ಹುಮನಾಬಾದದವರಿಗಿ ಏನು ಹೇಳ್ತೀರಿ, ಒಂದ್ ದೇಹ ಕಳದದ ಅಂತ ಹೇಳ್ತೀರೇನು?"

"ಪತ್ರಿಕಿ ಛಾಪಿಸಿ ಕಳ..." ಎನ್ನುವಷ್ಟರಲ್ಲಿ ಅವಳು ಹಣೆ ಬಡಿದುಕೊಂಡಳು.

ಆಗ ಪ್ರೇಮಲಾ ಮಷೀನಿನ ಮುಂದೆ ಧಪ್ಪನೆ ಕೂತಳು. ಅಪ್ಪನ ಮಗಳು. ನಾಲ್ಕು ಸಲ ಕೀಲಿ ಕುಟ್ಟಿದಳು.

"ಅಳಿಸಿದೆ."

"ಏನು ಅಳಿಸಿದಿ?"

"ಎಲ್ಲಾ. ಕನ್ನಡ ಪೂರಾ ಹೋತು. ಕಾಶಿಕಾಕಾಂದು ಒಳಗ ಹೋಗೇ ಇಲ್ಲಂತಲ್ಲ. ಹಂಗಾದ್ರ ಅವರದಿಲ್ದೇ ನಡೀಬೇಕು. ನೋಡೋಣು."

ಶಂಕ್ರೆಪ್ಪ ತಲೆಯ ಮೇಲೆ ಕೈ ಹೊತ್ತ. ಅವಳು ಒಂದನೆಯದು ಹಾಕಿದಳು. ಮಷೀನು ಗರಗರ ಅಂದು, ಎರಡನೆಯದು ಕೇಳಿತು. ಲಿಂಗರಾಜ ಹೆಮ್ಮೆಯಿಂದ ತನ್ನ ಮೂರನೆಯದು ಕೊಟ್ಟ. ಒಲ್ಲೆ ಅಂದಿತು. ಆರನೆಯದು ಕೊಟ್ಟ. ಅದನ್ನೂ ಒಲ್ಲೆ ಅಂದಿತು. "ಇನ್ನೊಂದ್ ಸಲ ವಿಭೂತಿ ಹಚ್ಚಿ ಕೊಡಲೇನು" ಎಂದ. ಜೊತೆಗೆ ಬಂದಿದ್ದ ಶಾಂತಾಬಾಯಿ ಅವನನ್ನು ಸುಮ್ಮನೆ ಕೂಡಿಸಿದಳು. ವೀರಭದ್ರಪ್ಪ ಚಷ್ಮಾ ಏರಿಸಿಕೊಂಡು ಪರದೆಗೆ ಮೂಗು ಹಚ್ಚಿ ನೋಡಿದರು.

"ಖರೆ. ಎರಡು ಅಂತೇ ಬರದದ. ಬ್ಯಾರೇದು ನಡ್ಯಂಗಿಲ್ಲ."

ಕಾಶಿನಾಥ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ. ಹೋಗಿರಲಿಲ್ಲ. "ಏನಂತದ ಅದು?" ಎಂದು ಬೀದಿಯನ್ನು ಕೇಳಿದ.

"ದಯವಿಟ್ಟು ಎರಡನೇ ಬಿಲ್ಲೆ ಹಾಕ್ರಿ, ಅಂತ ಬರದದ ಕಾಕಾ" ಎಂದಳು ಪ್ರೇಮಲಾ.

"ದಯವಿಟ್ಟು ಅಂತ ಅದ ಏನು ಅದರಾಗ?"

"ಮೊದಲನೇ ಮಾತೇ ಅದು."

"ಕೇಳ್ರಿ ಮಂದಿ. ಜೀವಿಲ್ಲದ ಮಷೀನು ದಯವಿಟ್ಟು ಅಂತದ. ಜೀವಿದ್ದ ಅಣ್ಣಗ ಮೂರು ವರ್ಷದಾಗ ಒಂದ್ ಸಲ ಬಾ ಅನ್ನಾಕ ಆಗಲಿಲ್ಲ."

ಪಡಸಾಲೆಯ ಕಣ್ಣೆಲ್ಲ ಶಂಕ್ರೆಪ್ಪನ ಮೇಲೆ ಬಿದ್ದವು. ಅವನ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು. ಮಗಳನ್ನು ಕುರ್ಚಿಯಿಂದ ಎಬ್ಬಿಸಿದ.

"ಏಳು. ಓದಾಕ ಬರಂಗಿಲ್ಲ ನಿನಗ. ನಾ ಓದ್ತೀನಿ."

ಶಂಕ್ರೆಪ್ಪ ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿ. ಪರದೆಯ ಮೇಲೆ ಇದ್ದದ್ದು ಇಂಗ್ಲಿಷು. ಅವನಿಗೆ ಇಂಗ್ಲಿಷು ಬರುವುದಿಲ್ಲ ಎಂಬುದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಚಷ್ಮಾ ಹಾಕಿಕೊಂಡ, ಗಾಜಿನ ಮೇಲೆ ಬೆರಳಿಟ್ಟ, ಯಾರಿಗೋ ಬೈಯುವ ದನಿಯಲ್ಲಿ ಓದಿದ.

"ದಯವಿಟ್ಟು ಎರಡನೇದು ಹಾಕ್ರಿ."

"ಲಾರಿ ಹೋತು, ಕೇಳಸಲಿಲ್ಲ" ಎಂದ ಕಾಶಿನಾಥ. ಬೀದಿಯಲ್ಲಿ ಲಾರಿ ಇರಲಿಲ್ಲ.

"ದಯವಿಟ್ಟು ಎರಡನೇದು ಹಾಕ್ರಿ" ಎಂದು ಶಂಕ್ರೆಪ್ಪ ಇನ್ನೂ ಜೋರಾಗಿ ಓದಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಮಷೀನು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಪರದೆ ಕಪ್ಪಾಯಿತು. ಇಡೀ ಓಣಿಯಲ್ಲಿ ಒಂದೇ ಒಂದು ಸದ್ದಿರಲಿಲ್ಲ.

ಶಂಕ್ರೆಪ್ಪನ ಬೆರಳು ಗಾಜಿನ ಮೇಲೆಯೇ ಇತ್ತು. ಅವನು ಅದನ್ನು ಒಂದು ಸಾಲು ಕೆಳಗೆ ಸರಿಸಿದ.

"ದಯವಿಟ್ಟು" ಎಂದು ಓದಿದ. "ನಡುವಿನಾಂವ ಬರಬೇಕು. ಅಣ್ಣನ ಮನಿಗಿ ಬರಬೇಕು. ಮೂರು ವರ್ಷದ ಹಿಂದೇ ಕರೀಬೇಕಿತ್ತು, ಕರೀಲಿಲ್ಲ. ಪ್ರೇಮಲಾನ ಲಗ್ನದಾಗ ಮುಂದ ನಿಂದರಬೇಕು."

"ಅಣ್ಣಾ, ಕರೆಂಟ್ ಹೋಗ್ಯ..." ಎಂದು ಲಿಂಗರಾಜ ಕೂಗಲು ಹೋದ. ಶಾಂತಾಬಾಯಿ ಅವನ ಬಾಯಿಗೆ ಸೆರಗು ಒತ್ತಿದಳು.

ಕಾಶಿನಾಥ ಮೆಲ್ಲಗೆ ಈ ಕಡೆ ತಿರುಗಿದ. ಕಪ್ಪು ಪರದೆಯನ್ನು ನೋಡಿದ. ಅದರ ಮೇಲಿದ್ದ ಬೆರಳನ್ನು ನೋಡಿದ.

"ಅಷ್ಟುದ್ದ ಬರದದೇನು ಅದರಾಗ?"

"ಇನ್ನೂ ಅದ" ಎಂದು ಶಂಕ್ರೆಪ್ಪ ತಲೆ ಎತ್ತದೆ ಗುಡುಗಿದ. "ಎಲ್ಲಾ ನಾನೇ ಓದಲೇನು? ಒಳಗ ಬಂದು ನೀನೇ ಓದಕೋ. ಆ ಚಪ್ಪಲಿ ಹೊರಗ ಬಿಟ್ಟು ಬಾ, ನಿಮ್ಮ ವೈನಿ ಈಗಷ್ಟೇ ನೆಲ ಒರಸ್ಯಾಳ."